ಪಣಜಿ: ನಡುಪೇಟೆಯ ಬದುಕು ಮತ್ತು ನಗರದ ಬೆಳವಣಿಗೆ

ಪಣಜಿ ಗೋವಾ ರಾಜ್ಯದ ರಾಜಧಾನಿ, ಉತ್ತರ ಗೋವಾ ಜಿಲ್ಲೆಯ ಆಡಳಿತ ಕೇಂದ್ರ. ತಿಸ್ವಾಡಿ ತಾಲ್ಲೂಕಿನಲ್ಲಿ, ಮಾಂಡವಿ ನದಿ ಅರಬ್ಬೀ ಸಮುದ್ರ ಸೇರುವ ಅಳಿವೆಯ ಎಡದಂಡೆಯ ಮೇಲಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಘಟ್ಟ ಇಳಿಯುವ ಮಹದಾಯಿಯೇ ಇಲ್ಲಿಯ ಮಾಂಡವಿ. 2011ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 40,017. ಸುತ್ತಲಿನ ಬಡಾವಣೆಗಳನ್ನೂ ಹಳ್ಳಿಗಳನ್ನೂ ಸೇರಿಸಿ ಎಣಿಸಿದರೆ ಸುಮಾರು 1.14 ಲಕ್ಷ. ಕರ್ನಾಟಕದ ಒಂದು ಮಧ್ಯಮ ಗಾತ್ರದ ತಾಲ್ಲೂಕು ಕೇಂದ್ರಕ್ಕಿಂತ ದೊಡ್ಡದಲ್ಲದ ಈ ಊರಿಗೆ ರಾಜಧಾನಿಯ ಕಚೇರಿ, ಪ್ರವಾಸಿಗರ ದಂಡು, ತೇಲುವ ಕ್ಯಾಸಿನೊ, ಅಂತರರಾಷ್ಟ್ರೀಯ ಚಿತ್ರೋತ್ಸವ ಎಲ್ಲವೂ ಒಟ್ಟಿಗೆ ಬಂದು ಬಿದ್ದಿವೆ. ಊರನ್ನು ಕಟ್ಟಿಸಿದ ಸರ್ಕಾರಿ ಸಂಸ್ಥೆಗಳು ಒಂದೊಂದಾಗಿ ನಡುಪೇಟೆಯನ್ನು ಬಿಟ್ಟುಹೋದದ್ದು, ಅವು ತೆರವು ಮಾಡಿದ ಜಾಗಕ್ಕೆ ಪ್ರವಾಸೋದ್ಯಮ ಬಂದು ಕೂತದ್ದು ಕಳೆದ ಮೂರು ದಶಕಗಳ ಪಣಜಿಯ ಮುಖ್ಯ ಕಥೆ.

ನೆಲ ಮತ್ತು ನೀರು

ಇಂದು ಅಂಗಡಿ, ಬ್ಯಾಂಕು, ಹೋಟೆಲುಗಳು ಒತ್ತೊತ್ತಾಗಿ ನಿಂತಿರುವ ನೆಲದ ಬಹುಭಾಗ ಮೊದಲು ಜೌಗು. ಪಶ್ಚಿಮಕ್ಕೆ ಸಾಂತ ಇನೇಜ್ ಹಳ್ಳ, ಪೂರ್ವಕ್ಕೆ ಔರೆಂ ಹಳ್ಳ, ಉತ್ತರಕ್ಕೆ ಮಾಂಡವಿ, ನಡುವೆ ಆಲ್ತಿನ್ಯೊ ಗುಡ್ಡ. ಗುಡ್ಡದ ಮೇಲಿನ ನೆಲ ಮಾತ್ರ ಗಟ್ಟಿ ಜಂಬಿಟ್ಟಿಗೆ. ಕೆಳಗಿನದು ಭರತ ಬಂದಾಗ ಉಪ್ಪುನೀರು ಹೊಕ್ಕು ಇಳಿತದಲ್ಲಿ ಹಿಂದೆ ಸರಿಯುತ್ತಿದ್ದ ಬಯಲು. ಗೋವೆಯವರು ಇಂಥ ನೆಲವನ್ನು ಖಾಜನ್ ಎನ್ನುತ್ತಾರೆ. ಕುಮಟಾದ ಅಘನಾಶಿನಿ ದಂಡೆಯ ಗಜನಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಣ್ಣಿನ ಒಡ್ಡು, ಉಪ್ಪುನೀರನ್ನು ತಡೆಯುವ ಮರದ ಬಾಗಿಲು, ಒಳಗೆ ಮಳೆಗಾಲದ ಭತ್ತ, ಆಮೇಲೆ ಸಿಗಡಿ ಮೀನು. ಬಾಗಿಲು ತೆರೆಯುವ ಮುಚ್ಚುವ ಹೊತ್ತನ್ನು ಚಂದ್ರನ ತಿಥಿ ನೋಡಿ ಗೊತ್ತುಮಾಡುತ್ತಿದ್ದ ಈ ವ್ಯವಸ್ಥೆ ಇಡೀ ಊರಿನ ಒಟ್ಟು ಕೆಲಸವಾಗಿತ್ತು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಸಮೀಪ ಮಳೆ ಸುರಿಯುವ ಜಾಗದಲ್ಲಿ ಖಾಜನ್ ಬಯಲು ಎರಡು ಕೆಲಸ ಮಾಡುತ್ತಿತ್ತು. ಗುಡ್ಡದಿಂದ ಇಳಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ನದಿ ಇಳಿದ ಮೇಲೆ ಹೊರಗೆ ಬಿಡುತ್ತಿತ್ತು. ಬಯಲನ್ನು ತುಂಬಿಸಿ ಬೀದಿ ಮಾಡಿದ ಮೇಲೆ ನೀರಿಗೆ ನಿಲ್ಲಲು ಜಾಗವಿಲ್ಲ. ಜೋರು ಮಳೆಯೂ ಭರತವೂ ಒಂದೇ ಹೊತ್ತಿಗೆ ಬಂದರೆ ಮೋರಿಯ ನೀರು ನದಿಗೆ ಇಳಿಯಲಾರದೆ ಬೀದಿಗೆ ಬರುತ್ತದೆ; ಜೂನ್, ಜುಲೈ ತಿಂಗಳಲ್ಲಿ ನಡುಪೇಟೆಯ ‘18 ಜೂನ್’ ರಸ್ತೆಯ ಅಂಗಡಿಗಳವರು ಬಾಗಿಲಿಗೆ ಮರಳುಚೀಲ ಜೋಡಿಸುವುದು ಇದಕ್ಕೇ. ಪಣಜಿಯ ನಗರಯೋಜನೆಯ ಯಾವ ನಕಾಶೆಯನ್ನು ಹರಡಿಕೊಂಡರೂ ಮೊದಲು ನೋಡಬೇಕಾದದ್ದು ಈ ಹಳೆಯ ಜೌಗಿನ ಗೆರೆ.

ಹಳ್ಳಿ ರಾಜಧಾನಿಯಾದದ್ದು

ನದೀಮುಖದ ಕಾವಲಿಗೆ ವಿಜಾಪುರದ ಆದಿಲಶಾಹಿ ದೊರೆಗಳು ಇಲ್ಲಿ ಕೋಟೆಯಂಥ ಅರಮನೆ ಕಟ್ಟಿಸಿದ್ದರು. 1510ರಲ್ಲಿ ಅಫೊನ್ಸೊ ದ ಆಲ್ಬುಕೆರ್ಕ್ ಗೋವೆಯನ್ನು ಗೆದ್ದಾಗ ಅದು ಪೋರ್ಚುಗೀಸರ ಕೈಸೇರಿತು. ಆಗ ರಾಜಧಾನಿ ಇದ್ದದ್ದು ನದಿಯ ಮೇಲುಗಡೆ, ಈಗಿನ ಓಲ್ಡ್ ಗೋವಾದಲ್ಲಿ. ಪಣಜಿ ಬರೀ ಬೆಸ್ತರ, ತೆಂಗಿನ ತೋಟದವರ ಹಳ್ಳಿ. ಗುಡ್ಡದ ಬುಡದಲ್ಲಿ 1541ರಲ್ಲಿ ಒಂದು ಚಿಕ್ಕ ಪ್ರಾರ್ಥನಾಮಂದಿರ ಎದ್ದಿತು. ಅದನ್ನು 1619ರ ಹೊತ್ತಿಗೆ ದೊಡ್ಡದಾಗಿ ಕಟ್ಟಿದರು. ಅದೇ ಇಂದಿನ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚ್. ಪ್ರವಾಸಿಗರು ಎದುರು ನಿಂತು ಪಟ ತೆಗೆಸಿಕೊಳ್ಳುವ ಅದರ ಅಂಕುಡೊಂಕು ಮೆಟ್ಟಿಲು 19ನೆಯ ಶತಮಾನದ್ದು. ಗಂಟೆ ಓಲ್ಡ್ ಗೋವಾದ ಪಾಳುಬಿದ್ದ ಅಗಸ್ಟೀನಿಯನ್ ಮಠದಿಂದ ತಂದದ್ದು.

ಓಲ್ಡ್ ಗೋವಾವನ್ನು ಸಾಂಕ್ರಾಮಿಕ ಜಾಡ್ಯಗಳು ಖಾಲಿ ಮಾಡಿದವು. 1759ರಲ್ಲಿ ವೈಸರಾಯ್ ಆದಿಲಶಾಹಿ ಅರಮನೆಗೆ ವಾಸ ಬದಲಿಸಿದ. ಅದಕ್ಕೂ ಮೊದಲೇ, 1630ರ ದಶಕದಲ್ಲಿ, ವೈಸರಾಯ್ ಲಿನ್ಯಾರಿಸ್ ಕಾಲಕ್ಕೆ ಪಣಜಿಯಿಂದ ರಿಬಂದರಿನವರೆಗೆ ಜೌಗಿನ ಮೇಲೆ ಸುಮಾರು ಮೂರು ಕಿಲೋಮೀಟರ್ ಉದ್ದದ ಕಲ್ಲಿನ ಸೇತುದಾರಿ ಕಟ್ಟಿಸಿಯಾಗಿತ್ತು. ಆ ದಾರಿಯ ಮೇಲೆ ಇಂದಿಗೂ ಬಸ್ಸು ಓಡಾಡುತ್ತದೆ.

ಊರಿಗೆ ಊರಿನ ಆಕಾರ ಕೊಟ್ಟವನು ವೈಸರಾಯ್ ದೋಂ ಮಾನ್ಯುವೆಲ್ ದ ಪೋರ್ತುಗಾಲ್ ಎ ಕಾಸ್ತ್ರೊ. ಅವನ ಆಳ್ವಿಕೆ 1820ರ ದಶಕದ ಕೊನೆಯಿಂದ 1835ರವರೆಗೆ. ಜೌಗನ್ನು ಬತ್ತಿಸಿ, ನೇರ ಬೀದಿಗಳನ್ನು ಎಳೆಸಿ, ಸೈನಿಕರ ವಸತಿ, ಕಾಂಪಾಲ್ ಬಯಲು ಇವನ್ನೆಲ್ಲ ಮಾಡಿಸಿದ. 1832ರಲ್ಲಿ ಸಾರ್ವಜನಿಕ ಗ್ರಂಥಾಲಯ, 1842ರಲ್ಲಿ ವೈದ್ಯಕೀಯ ಶಾಲೆ ಆರಂಭವಾದವು. 1843ರ ಮಾರ್ಚ್ 22ರ ರಾಜಾಜ್ಞೆಯಿಂದ ಪಣಜಿ ನಗರವೆನಿಸಿಕೊಂಡು ‘ನೋವ ಗೋವಾ’ ಎಂಬ ಹೆಸರು ಪಡೆಯಿತು. ಹೆಸರು ಕಾಗದದಲ್ಲೇ ಉಳಿಯಿತು; ಜನ ಪೊಣ್ಜೆ ಎಂದೇ ಕರೆದರು. ಹಿಂದೂಗಳಿಗೆ ಊರೊಳಗೆ ಗುಡಿ ಕಟ್ಟಲು ಅನುಮತಿ ಸಿಕ್ಕಿದ್ದು ಇದೇ ಶತಮಾನದಲ್ಲಿ. ಗುಡ್ಡದ ಬುಡದ ಮಹಾಲಕ್ಷ್ಮಿ ದೇವಸ್ಥಾನ 1818ರದು.

ಬೀದಿಗಳ ಹೆಸರು ಓದಿದರೆ ಊರು ಎರಡು ಯಜಮಾನಿಕೆಗಳನ್ನು ಕಂಡದ್ದು ಗೊತ್ತಾಗುತ್ತದೆ. 18 ಜೂನ್ ರಸ್ತೆ ಎಂದರೆ 1946ರ ಆ ದಿನ ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ನಿಷೇಧ ಮುರಿದು ಸಭೆ ನಡೆಸಿದ್ದರ ನೆನಪು. ಅದಕ್ಕೆ ಕೂಗಳತೆಯಲ್ಲಿರುವ 31 ಜನವರಿ ರಸ್ತೆ ಪೋರ್ಚುಗಲ್ಲಿನ ಇತಿಹಾಸದ ಒಂದು ದಿನವನ್ನು ನೆನೆಯುತ್ತದೆ. ಒಂದನ್ನು ಇಟ್ಟರು, ಇನ್ನೊಂದನ್ನು ಅಳಿಸಲಿಲ್ಲ. ಆಲ್ಬುಕೆರ್ಕನ ಪ್ರತಿಮೆ ನಿಂತಿದ್ದ ಚೌಕ 1961ರ ಡಿಸೆಂಬರ್ 19ರ ವಿಮೋಚನೆಯ ನಂತರ ಆಜಾದ್ ಮೈದಾನವಾಯಿತು, ಪ್ರತಿಮೆ ಓಲ್ಡ್ ಗೋವಾದ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಈಗ ಆ ಮೈದಾನದಲ್ಲಿ ಹುತಾತ್ಮರ ಸ್ಮಾರಕವಿದೆ. ಧರಣಿ, ಉಪವಾಸ, ಘೋಷಣೆ ಏನಿದ್ದರೂ ಗೋವೆಯವರು ಸೇರುವುದು ಅಲ್ಲಿಯೇ. ಅದರ ಎದುರಿನ ಮೆನೆಜಿಸ್ ಬ್ರಗಾಂಸ ಸಂಸ್ಥೆಯ ಪಡಸಾಲೆಯಲ್ಲಿ ನೀಲಿ ಬಣ್ಣದ ಅಜುಲೆಜು ಹೆಂಚುಗಳ ಮೇಲೆ ಪೋರ್ಚುಗೀಸ್ ಮಹಾಕಾವ್ಯ ‘ಓಸ್ ಲೂಸಿಯಾದಸ್’ನ ದೃಶ್ಯಗಳಿವೆ.

ಪೇಟೆಯ ದಿನ

ನಡುಪೇಟೆಯ ಬೆಳಗು ಬ್ರೆಡ್ ಮಾರುವ ಪೊದೇರನ ಸೈಕಲ್ ಹಾರ್ನಿನಿಂದ ಶುರು. ಹಿಂದಿನ ಬುಟ್ಟಿಯಲ್ಲಿ ಬಿಸಿ ಪಾವ್, ಉಂಡೊ, ತವುಡು ಸವರಿದ ಪೊಯೆ. ಮುನಿಸಿಪಲ್ ಮಾರುಕಟ್ಟೆಯಲ್ಲಿ ಮೀನಿನ ಕಟ್ಟೆಗಳ ಹಿಂದೆ ಕೂತವರು ಬಹುಪಾಲು ಹೆಂಗಸರೇ. ಬಂಗಡೆ, ಇಶ್ವಾಣ, ಸಿಗಡಿ, ಚಿಪ್ಪುಮೀನು ಇವುಗಳ ದರ ಬೆಳಗಿನ ಮೊದಲ ಮಾತಿಗೂ ಹತ್ತು ಗಂಟೆಯ ಮಾತಿಗೂ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರ ಮುಚ್ಚಿರುವುದರಿಂದ ಆ ಎರಡು ತಿಂಗಳು ಕಟ್ಟೆಗಳ ಮೇಲೆ ಹೊಳೆಮೀನು, ಒಣಮೀನು ಹೆಚ್ಚು. ತರಕಾರಿಯ ಕಡೆ ಬಂದರೆ ದೃಶ್ಯವೇ ಬೇರೆ. ಕೋಸು, ಟೊಮೆಟೊ, ಹಸಿಮೆಣಸಿನಕಾಯಿ ಬಹುಪಾಲು ರಾತ್ರಿಯೆಲ್ಲ ಘಟ್ಟ ಇಳಿದು ಬೆಳಗಾವಿಯಿಂದ ಬಂದವು. ಗೋವಾ ತೋಟಗಾರಿಕಾ ನಿಗಮದ ರಿಯಾಯಿತಿ ಗೂಡಂಗಡಿಗಳಿಗೂ ಅಲ್ಲಿನದೇ ಸರಕು. ಬೆಳಗಾವಿ ದಾರಿಯ ಚೋರ್ಲಾ ಘಟ್ಟದಲ್ಲಿ ಗುಡ್ಡ ಕುಸಿದರೆ ಪಣಜಿಯ ಅಡಿಗೆಮನೆಗೆ ಅದು ಅದೇ ದಿನ ತಿಳಿಯುತ್ತದೆ.

ಬೆಳಗಿನ ತಿಂಡಿಗೆ ಹಳೆಯ ಕೆಫೆಗಳಿವೆ. ಅಲ್ಲಿ ಅಮೃತಶಿಲೆಯ ಮೇಜಿನ ಸುತ್ತ ವಕೀಲ, ಗುಮಾಸ್ತ, ಪತ್ರಕರ್ತ, ಹಮಾಲಿ ಹೆಗಲು ತಾಗಿಸಿ ಕೂರುತ್ತಾರೆ. ತಿನ್ನುವುದು ಪಾತಳ ಭಾಜಿ, ಪಾವ್. ಇಲ್ಲವೇ ನಮ್ಮ ಕರಾವಳಿಯವರು ಮಂಗಳೂರಿನದೆಂದೂ ಗೋವೆಯವರು ತಮ್ಮದೆಂದೂ ಹೇಳಿಕೊಳ್ಳುವ ಬನ್ಸ್. ಇಲ್ಲಿನ ಪತ್ರಿಕೆ ಓದುವ ಚಾಳಿ ಹಳೆಯದು. 1900ರಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಆರಂಭವಾದ ದಿನಪತ್ರಿಕೆ ‘ಓ ಹೆರಾಲ್ಡೊ’ 1983ರಲ್ಲಿ ಇಂಗ್ಲಿಷಿಗೆ ತಿರುಗಿ ಇಂದಿಗೂ ನಡೆಯುತ್ತಿದೆ.

ಮಧ್ಯಾಹ್ನ ಒಂದಕ್ಕೆ ಹಳೆಯ ಅಂಗಡಿಗಳ ಬಾಗಿಲು ಬೀಳುತ್ತದೆ, ಮೂರೂವರೆಯ ಸುಮಾರಿಗೆ ಮತ್ತೆ ತೆರೆಯುತ್ತದೆ. ಹೊರಗಿನವರು ಇದನ್ನು ಸೋಮಾರಿತನ ಎಂದು ನಗುತ್ತಾರೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಎರಡು ಗಂಟೆಗೆ ಆ ಬೀದಿಯಲ್ಲಿ ನಡೆದವರು ನಗುವುದಿಲ್ಲ. ಮಾಲ್‌ಗಳಂಥ ಹೊಸ ಮಳಿಗೆಗಳು, ಬ್ಯಾಂಕುಗಳು, ಮೊಬೈಲ್ ಅಂಗಡಿಗಳು ಈ ಪದ್ಧತಿ ಪಾಲಿಸುವುದಿಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ ಅರ್ಧ ಬಾಗಿಲು ಮಲಗಿರುತ್ತವೆ, ಅರ್ಧ ಎಚ್ಚರವಾಗಿರುತ್ತವೆ.

ಓಡಾಟಕ್ಕೆ ಪಣಜಿಯ ವಿಶೇಷ ‘ಪೈಲಟ್’. ಹಳದಿ, ಕಪ್ಪು ಬಣ್ಣದ ಮೋಟಾರ್ ಸೈಕಲ್ಲಿನ ಹಿಂದೆ ಒಬ್ಬನೇ ಪ್ರಯಾಣಿಕನನ್ನು ಕೂರಿಸಿಕೊಂಡು ಹೋಗುವ ಪರವಾನಗಿ ಪಡೆದ ಸವಾರ ಆತ. ಆ್ಯಪ್ ಮೂಲಕ ಬೈಕ್ ಕರೆಯುವ ವ್ಯವಸ್ಥೆ ಬೇರೆ ನಗರಗಳಿಗೆ ಬರುವ ಎಷ್ಟೋ ಮೊದಲೇ ಗೋವೆಯಲ್ಲಿ ಇದು ಮಾಮೂಲು. ನದಿಯಾಚೆಯ ಬೇತಿಗೆ ಹೋಗಲು ಫೆರಿ ದೋಣಿ ಈಗಲೂ ಇದೆ. ಪಾಟ್ಟೊದ ಬಸ್ ನಿಲ್ದಾಣದಲ್ಲಿ ನಿಂತರೆ ಗೋವಾ ಸರ್ಕಾರದ ಕದಂಬ ಸಾರಿಗೆ ನಿಗಮದ ಬಸ್ಸುಗಳ ಪಕ್ಕದಲ್ಲೇ ಹುಬ್ಬಳ್ಳಿ, ಬೆಳಗಾವಿ, ಕಾರವಾರದ ಫಲಕ ಹೊತ್ತ ಕರ್ನಾಟಕದ ಬಸ್ಸುಗಳು ಕಾಣುತ್ತವೆ. ಗೋವೆಯನ್ನಾಳಿದ ಕದಂಬರ ಹೆಸರು ಹೊತ್ತ ನಿಗಮ 1980ರಲ್ಲಿ ಸ್ಥಾಪನೆಯಾಯಿತು. ಆ ಬಸ್ಸುಗಳಲ್ಲಿ ಬಂದಿಳಿಯುವವರಲ್ಲಿ ಪ್ರವಾಸಿಗರಷ್ಟೇ ಅಲ್ಲ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಜಿಲ್ಲೆಗಳ ಕೂಲಿಕಾರರೂ ಇದ್ದಾರೆ. ಪಣಜಿಯ ಹೊಸ ಕಟ್ಟಡಗಳ ಕಲ್ಲು, ಗಾರೆ, ಕಬ್ಬಿಣದ ಕೆಲಸದಲ್ಲಿ, ರಸ್ತೆಯ ಅಗೆತದಲ್ಲಿ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ನಗರದ ಪುಸ್ತಕಗಳಲ್ಲಿ ಪೋರ್ಚುಗೀಸ್ ವಾಸ್ತುಶಿಲ್ಪಕ್ಕೆ ಸಿಕ್ಕಷ್ಟು ಪುಟ ಇವರಿಗೆ ಸಿಕ್ಕಿಲ್ಲ.

ಸಂಜೆ ಜನ ನದೀದಂಡೆಗೆ, ಕಾಂಪಾಲಿಗೆ, ಮಿರಾಮಾರ್ ಕಡಲತೀರಕ್ಕೆ ಸಾಗುತ್ತಾರೆ. ಕಾರ್ನಿವಲ್ಲಿನ, ಶಿಗ್ಮೊ ಹಬ್ಬದ ಮೆರವಣಿಗೆಗಳು, ಕೃಷ್ಣಾಷ್ಟಮಿಯ ಹೊತ್ತಿನ ಬಟ್ಟೆ, ಪಾತ್ರೆ, ಮರದ ಸಾಮಾನಿನ ಜಾತ್ರೆ, ಡಿಸೆಂಬರ್ 8ರ ಚರ್ಚ್ ಹಬ್ಬದ ಫೇರಿ (ಸಂತೆ) ವರ್ಷದ ಲೆಕ್ಕವನ್ನು ಹಿಡಿಯುತ್ತವೆ.

ಫೊಂತೈನ್ಯಾಸ್ ಮತ್ತು ಹಳೆಯ ಮನೆಗಳು

ಔರೆಂ ಹಳ್ಳಕ್ಕೂ ಆಲ್ತಿನ್ಯೊ ಗುಡ್ಡಕ್ಕೂ ನಡುವೆ ಇರುವ ಫೊಂತೈನ್ಯಾಸ್ ಕೇರಿಗೆ ಹೆಸರು ಬಂದದ್ದು ಗುಡ್ಡದ ಬುಡದ ಒರತೆಯಿಂದ. 18ನೆಯ ಶತಮಾನದ ಕೊನೆಗೆ ತೆಂಗಿನ ತೋಟವಾಗಿದ್ದ ಜಾಗದಲ್ಲಿ ಕೇರಿ ಬೆಳೆಯಿತು. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚು, ಬೀದಿಗೆ ಚಾಚಿದ ಕಬ್ಬಿಣದ ಕಟಕಟೆ, ಕೆಲವೆಡೆ ಗಾಜಿನ ಬದಲು ತೆಳು ಚಿಪ್ಪು ಕೂರಿಸಿದ ಕಿಟಕಿ, ಹಳದಿ, ನೀಲಿ, ಕಾವಿಗೆಂಪು ಬಣ್ಣ. ಮಳೆಗಾಲ ಮುಗಿದ ಮೇಲೆ ಬಣ್ಣ ಬಳಿಸುವುದು ವಾಡಿಕೆ. ಇಲ್ಲಿನ ಮಳೆಗೆ ಒಂದು ವರ್ಷದಲ್ಲಿ ಗೋಡೆ ಪಾಚಿಗಟ್ಟುತ್ತದೆ. ಇಲ್ಲಿನ ಸೇಂಟ್ ಸೆಬಾಸ್ಟಿಯನ್ ಪ್ರಾರ್ಥನಾಮಂದಿರದಲ್ಲಿರುವ ಶಿಲುಬೆಯ ಕ್ರಿಸ್ತನ ಕಣ್ಣು ತೆರೆದಿದೆ, ತಲೆ ಬಾಗಿಲ್ಲ. ಅದು ಓಲ್ಡ್ ಗೋವಾದ ಇನ್‌ಕ್ವಿಸಿಷನ್ ನ್ಯಾಯಾಲಯದಲ್ಲಿದ್ದದ್ದು.

ಈ ಮನೆಗಳು ಉಳಿದದ್ದಕ್ಕೆ ಪರಂಪರೆಯ ಪ್ರೀತಿಯನ್ನು ಕಾರಣವಾಗಿ ಕೊಡುವುದು ರೂಢಿ. ಅದು ಅರ್ಧ ಸತ್ಯ. ಇನ್ನರ್ಧ ಕಾನೂನಿನಲ್ಲಿದೆ. ಗೋವೆಯಲ್ಲಿ ಇಂದಿಗೂ ಜಾರಿಯಲ್ಲಿರುವ ಪೋರ್ಚುಗೀಸ್ ನಾಗರಿಕ ಸಂಹಿತೆಯಂತೆ ಆಸ್ತಿಯಲ್ಲಿ ಗಂಡುಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಪಾಲು, ದಂಪತಿಗಳ ಆಸ್ತಿ ಸಾಮಾನ್ಯವಾಗಿ ಜಂಟಿ. ನ್ಯಾಯದ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ಆದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಗೆ ಲಿಸ್ಬನ್, ಮುಂಬಯಿ, ಟೊರಾಂಟೊಗಳಲ್ಲಿ ಚದುರಿದ ಹತ್ತಾರು ಪಾಲುದಾರರು. ಅಷ್ಟೂ ಜನ ಒಪ್ಪಿ ಸಹಿ ಹಾಕುವವರೆಗೆ ಮಾರುವಂತಿಲ್ಲ, ಕೆಡವುವಂತಿಲ್ಲ. ಜೊತೆಗೆ 1968ರ ಬಾಡಿಗೆ ನಿಯಂತ್ರಣ ಕಾಯಿದೆ. ಹಳೆಯ ಬಾಡಿಗೆದಾರನನ್ನು ಬಿಡಿಸುವುದು ಕಷ್ಟ, ಬರುವ ಬಾಡಿಗೆಯಲ್ಲಿ ಸೂರಿನ ಹೆಂಚು ಕೂಡ ಬದಲಾಯಿಸಲಾಗದು. ಕೆಡವಲೂ ಆಗದ, ದುರಸ್ತಿಗೂ ಆಗದ ಸ್ಥಿತಿಯಲ್ಲಿ ಎಷ್ಟೋ ಕಟ್ಟಡಗಳು ನಿಂತಿವೆ. ಮೇಲ್ಮಹಡಿಯ ತೊಲೆ ಕೊಳೆಯುತ್ತಿರುತ್ತದೆ, ಕೆಳಗೆ ದರ್ಜಿಯಂಗಡಿ, ಗಡಿಯಾರ ರಿಪೇರಿ ನಡೆಯುತ್ತಿರುತ್ತವೆ.

2000ದ ನಂತರ ಪಾಲು ಇತ್ಯರ್ಥವಾದ ಮನೆಗಳು ವಸತಿಗೃಹ, ಕೆಫೆ, ಕಲಾಶಾಲೆ, ವಾಸ್ತುಶಿಲ್ಪಿಗಳ ಕಚೇರಿಗಳಾದವು. ಅದರಿಂದ ಮನೆಗಳಿಗೆ ಜೀವ ಬಂತು, ನೆರೆಹೊರೆ ತೆಳುವಾಯಿತು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು, ರೀಲ್ಸ್ ಮಾಡುವವರು ಬೆಳಗಿನ ಏಳಕ್ಕೇ ಕಟಕಟೆ ಹತ್ತಿ ಕೂರುವುದರಿಂದ ರೋಸಿದ ನಿವಾಸಿಗಳು ‘ಇದು ಮನೆ, ಫೋಟೊ ತೆಗೆಯಬೇಡಿ’ ಎಂಬರ್ಥದ ಫಲಕ ತೂಗುಹಾಕಿದ್ದಾರೆ. ನಮ್ಮ ಕಡೆಯಿಂದ ಹೋಗುವವರೂ ಆ ಫಲಕವನ್ನು ಓದುವುದು ಒಳ್ಳೆಯದು.

ಬಿಟ್ಟುಹೋದ ಕಚೇರಿಗಳು

ನಡುಪೇಟೆಯನ್ನು ತೊರೆಯುವುದು ಇಲ್ಲಿನ ಅಧಿಕಾರಸ್ಥರಿಗೆ ಹೊಸದಲ್ಲ. ಗವರ್ನರ್ ಜನರಲ್ 1918ರಲ್ಲೇ ಆದಿಲಶಾಹಿ ಅರಮನೆ ಬಿಟ್ಟು ದೋನಾ ಪಾವ್ಲಾದ ಕಾಬೊ ಭೂಶಿರಕ್ಕೆ ಹೋದ; ಅದೇ ಈಗಿನ ರಾಜ್ಯಪಾಲರ ನಿವಾಸ. ವಿಮೋಚನೆಯ ನಂತರ ಅರಮನೆಯಲ್ಲಿ ಸಚಿವಾಲಯವೂ ವಿಧಾನಸಭೆಯೂ ಇದ್ದವು. 1987ರ ಮೇ 30ರಂದು ಗೋವಾ ಪೂರ್ಣ ರಾಜ್ಯವಾದಾಗ ಕಚೇರಿಗಳ ಸಂಖ್ಯೆ ಏರಿತು, ಜಾಗ ಸಾಲದಾಯಿತು. ವೈದ್ಯಕೀಯ ಕಾಲೇಜು 1990ರ ದಶಕದಲ್ಲಿ ಬಾಂಬೋಳಿಗೆ ಹೋಯಿತು. ವಿಧಾನಸಭೆ 2000ದಲ್ಲಿ ನದಿ ದಾಟಿ ಪರ್ವರಿ ಗುಡ್ಡ ಹತ್ತಿತು. ಕೇಂದ್ರ ಗ್ರಂಥಾಲಯ ಪಾಟ್ಟೊದ ಹೊಸ ಕಟ್ಟಡಕ್ಕೆ, ಹೈಕೋರ್ಟ್ ಪೀಠ 2021ರಲ್ಲಿ ಪರ್ವರಿಗೆ. ವಕೀಲರ, ಟೈಪಿಸ್ಟರ, ಝೆರಾಕ್ಸ್ ಅಂಗಡಿಗಳ, ರೋಗಿಗಳ ನೆಂಟರಿಗೆ ಊಟ ಹಾಕುತ್ತಿದ್ದ ಖಾನಾವಳಿಗಳ ಗಿರಾಕಿ ಅವುಗಳ ಜೊತೆಗೇ ಹೋಯಿತು.

ಪಾಟ್ಟೊ ಸ್ವತಃ ಹೊಸ ನೆಲ. ಆರ್ಥಿಕ ಅಭಿವೃದ್ಧಿ ನಿಗಮ ಔರೆಂ ಹಳ್ಳದಾಚೆಯ ಜೌಗನ್ನು ತುಂಬಿಸಿ ಮಾಡಿದ ವ್ಯಾಪಾರಿ ಬಡಾವಣೆ. ಬ್ಯಾಂಕುಗಳ, ಸರ್ಕಾರಿ ಇಲಾಖೆಗಳ ಬಹುಮಹಡಿ ಅಲ್ಲಿವೆ. ಅಂಚಿನಲ್ಲಿ ಉಳಿದ ಕಾಂಡ್ಲಾ ಗಿಡಗಳ ನಡುವೆ ಈಗ ಮರದ ಕಾಲುದಾರಿಯಿದೆ.

ತೆರವಾದ ಕಟ್ಟಡಗಳಿಗೆ ಹೊಸ ಬಾಡಿಗೆದಾರ ಸಿನಿಮಾ. 2004ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಗೋವೆಗೆ ಬಂದಾಗ ಹಳೆಯ ವೈದ್ಯಕೀಯ ಕಾಲೇಜಿನ ಆವರಣವನ್ನು ದುರಸ್ತಿ ಮಾಡಿ ಪಕ್ಕದಲ್ಲಿ ಮಲ್ಟಿಪ್ಲೆಕ್ಸ್ ಕಟ್ಟಿದರು, ನದೀದಂಡೆಯ ಕಾಲುದಾರಿ ಸಿಂಗರಿಸಿದರು. 2016ರಿಂದ ಡಿಸೆಂಬರಿನಲ್ಲಿ ಸೆರೆಂಡಿಪಿಟಿ ಕಲೋತ್ಸವವೂ ಅದೇ ಕಟ್ಟಡಗಳನ್ನು ಬಳಸಿಕೊಳ್ಳುತ್ತಿದೆ. ಈ ಉತ್ಸವಗಳಿಗಿಂತ ಮೊದಲೇ ಊರಿಗೆ ಕಲೆಯ ಮನೆಯೊಂದಿತ್ತು. ಕಾಂಪಾಲಿನ ಕಲಾ ಅಕಾಡೆಮಿ, ಗೋವಾ ಮೂಲದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ. ಬೀದಿಯಿಂದ ಒಳಹೊಕ್ಕವರು ಬಾಗಿಲೆಂಬುದಿಲ್ಲದೆ ನೇರ ನದೀದಂಡೆಗೆ ಹೊರಬೀಳುವ ಹಾಗೆ ಕಟ್ಟಿದ ತೆರೆದ ಕಟ್ಟಡ ಅದು. 2021ರ ನಂತರದ ನವೀಕರಣದ ವೇಳೆ, 2023ರ ಜುಲೈಯಲ್ಲಿ, ಬಯಲು ರಂಗಮಂದಿರದ ಮೇಲ್ಛಾವಣಿ ಕುಸಿದಾಗ ಊರಿನ ಕಲಾವಿದರು ಬೀದಿಗಿಳಿದದ್ದು ಆ ಕಟ್ಟಡ ಜನರ ಬಳಕೆಯದಾಗಿತ್ತು ಎಂಬುದಕ್ಕೆ ಸಾಕ್ಷಿ.

ಕ್ಯಾಸಿನೊ ಹಡಗುಗಳ ಮಾತು ಬೇರೆ. ಜೂಜು ನಿಷೇಧ ಕಾನೂನಿನ ತಿದ್ದುಪಡಿಯ ಬಲದಿಂದ ನದಿಯಲ್ಲಿ ಲಂಗರು ಹಾಕಿದ ಅರ್ಧ ಡಜನ್ ಹಡಗುಗಳು ರಾತ್ರಿಯಿಡೀ ಬಣ್ಣದ ದೀಪ ಉರಿಸುತ್ತವೆ. ಬೊಕ್ಕಸಕ್ಕೆ ದೊಡ್ಡ ಆದಾಯ, ಯುವಕರಿಗೆ ಕೆಲಸ ಉಂಟು. ದಂಡೆಯ ರಸ್ತೆಗೆ ವಾಹನದ ಒತ್ತಡ, ಹಡಗೇರುವ ಜೆಟ್ಟಿಗಳ ಸುತ್ತ ದಲ್ಲಾಳಿಗಳ ಕಾಟವೂ ಉಂಟು. ಅವನ್ನು ಮಾಂಡವಿಯಿಂದ ಎಬ್ಬಿಸುವ ಭರವಸೆಯನ್ನು ಬೇರೆ ಬೇರೆ ಪಕ್ಷಗಳು ಚುನಾವಣೆಯಲ್ಲಿ ಕೊಟ್ಟಿವೆ. ಹಡಗುಗಳು ಅಲ್ಲೇ ಇವೆ.

ಸೇತುವೆ, ಚರಂಡಿ, ಸ್ಮಾರ್ಟ್ ಸಿಟಿ

ಪಣಜಿ ನದಿಯಾಚೆಗೆ ಹರಡಲು ಸೇತುವೆ ಕಾರಣ. ವಿಮೋಚನೆಯ ನಂತರ ಕಟ್ಟಿದ ನೆಹರೂ ಸೇತುವೆ 1986ರ ಜುಲೈ 5ರಂದು ಕುಸಿದುಬಿತ್ತು. ಮತ್ತೆ ಕೆಲವು ವರ್ಷ ಊರು ಫೆರಿ ದೋಣಿಗಳನ್ನೇ ನಂಬಿ ಬದುಕಿತು. 1990ರ ದಶಕದಲ್ಲಿ ಜೋಡಿ ಸೇತುವೆಗಳಾದವು, 2019ರ ಜನವರಿಯಲ್ಲಿ ಕೇಬಲ್ ತೂಗಿನ ಅಟಲ್ ಸೇತು ತೆರೆಯಿತು. ಮನೆ ಪರ್ವರಿಯಲ್ಲಿ, ಕೆಲಸ ಪಣಜಿಯಲ್ಲಿ ಎಂಬ ಬದುಕು ಇದರಿಂದ ಸಾಧ್ಯವಾಯಿತು. ಕುದುರೆಗಾಡಿಯ ಕಾಲಕ್ಕೆ ಎಳೆದ ಬೀದಿಗಳಿಗೆ ಅಷ್ಟೂ ಕಾರುಗಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತವೆ. ನದಿಯ ಈಚೆಗೆ ತಾಳಗಾಂವಿನ ಗದ್ದೆಗಳು ವಸತಿಯಾಗುತ್ತ ಬಂದಂತೆ ಅಲ್ಲಿಂದ ಇಳಿಯುವ ಸಾಂತ ಇನೇಜ್ ಹಳ್ಳ ಕೊಳಚೆ ಹೊರುವ ಕಾಲುವೆಯಾಗಿದೆ. ಅದರ ಹೂಳೆತ್ತುವ ಯೋಜನೆಗಳು ಹಲವು ಬಂದವು. ದಂಡೆಯ ಒಂದೊಂದು ಕಟ್ಟಡದ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ ಮುಚ್ಚುವ ಕೆಲಸ ಮಾತ್ರ ಹೂಳೆತ್ತುವಷ್ಟು ಸಲೀಸಲ್ಲ.

ಕಸದ ವಿಷಯದಲ್ಲಿ ಪಾಲಿಕೆಗೆ ಹೆಚ್ಚು ಅಂಕ ಕೊಡಬೇಕು. ಸ್ವಂತ ಕಸದ ಗುಡ್ಡ ಕಟ್ಟಲು ಜಾಗವಿಲ್ಲದ ಊರು ಮನೆಬಾಗಿಲಲ್ಲೇ ಬೇರ್ಪಡಿಸುವುದನ್ನು ಕಲಿತು, ಸಂಗ್ರಹ ಕೇಂದ್ರದಲ್ಲಿ ಒಣಕಸವನ್ನು 16 ಬಗೆಯಾಗಿ ವಿಂಗಡಿಸುವ ಕ್ರಮಕ್ಕೆ ಹೆಸರಾಯಿತು. ಜಾಗದ ಕೊರತೆಯೇ ಇಲ್ಲಿ ಗುರು.

2002ರ ಕಾಯಿದೆಯಂತೆ ನಗರಸಭೆಯಿಂದ ಮಹಾನಗರ ಪಾಲಿಕೆಯಾದ ಪಣಜಿ 2016ರಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಯೋಜನೆಯ ಕಂಪನಿಗೆ ‘ಇಮ್ಯಾಜಿನ್ ಪಣಜಿ’ ಎಂದು ಹೆಸರು. ಹಳೆಯ ಒಳಚರಂಡಿ, ಮಳೆನೀರಿನ ಮೋರಿ, ವಿದ್ಯುತ್ ಕೇಬಲ್, ಕಾಲುದಾರಿ ಎಲ್ಲವನ್ನೂ ಹೊಸದಾಗಿಸುವ ಕೆಲಸ ವರ್ಷಗಟ್ಟಲೆ ತಡವಾಗಿ ಒಮ್ಮೆಲೇ ಶುರುವಾದದ್ದರಿಂದ ನಡುಪೇಟೆಯ ಬಹುಪಾಲು ಬೀದಿಗಳು ಒಟ್ಟಿಗೆ ಅಗೆದು ಬಿದ್ದವು. ಜೌಗಿನ ಮೇಲೆ ತುಂಬಿದ ಮಣ್ಣನ್ನು ಕೆದಕಿದರೆ ಲಾರಿ ಹೂತುಹೋಗುವುದು ಸಹಜ, ಹಾಗೇ ಆಯಿತು. ಧೂಳಿನಿಂದ ಅಂಗಡಿಗಳವರು, ಶಾಲೆಯವರು, ವಯಸ್ಸಾದವರು ಕಂಗೆಟ್ಟರು. ದೂರು ನ್ಯಾಯಾಲಯಕ್ಕೆ ಹೋಗಿ 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳೇ ಬೀದಿ ಸುತ್ತಿ ಕಾಮಗಾರಿ ಪರಿಶೀಲಿಸಿದರು. ಅದೇ ವರ್ಷ ಕದಂಬ ನಿಗಮದ ವಿದ್ಯುತ್ ಬಸ್ಸುಗಳು ನಗರದೊಳಗಿನ ಮಾರ್ಗಗಳಿಗೆ ಬಂದವು. ಬದಲಾವಣೆಗಳಲ್ಲಿ ಜನ ಬೇಗ ಒಪ್ಪಿಕೊಂಡದ್ದು ಇದೊಂದೇ ಎನ್ನಬಹುದು.

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕೊಳವೆ, ಮೋರಿ, ಕಾಲುದಾರಿಗಳನ್ನು ಇನ್ನು ಮುಂದೆ ನೋಡಿಕೊಳ್ಳಬೇಕಾದದ್ದು 30 ವಾರ್ಡುಗಳ, 40 ಸಾವಿರ ಜನರ ಚಿಕ್ಕ ಪಾಲಿಕೆ. ಅವನ್ನು ಬಳಸುವವರು ಹಗಲಿಗೆ ಬಂದುಹೋಗುವ ನೌಕರರೂ ಪ್ರವಾಸಿಗರೂ ಸೇರಿ ಆ ಸಂಖ್ಯೆಯ ಎಷ್ಟೋ ಪಟ್ಟು ಜನ. ಖರ್ಚಿನಲ್ಲಿ ಅವರ ಪಾಲನ್ನು ವಸೂಲು ಮಾಡುವ ದಾರಿ ಕಾಣದ ಹೊರತು ಹೊಸ ಮೋರಿಗಳಿಗೂ ಹಳೆಯವುಗಳ ಗತಿಯೇ ಬರುತ್ತದೆ.